ಆಟದ ಸಂಗೀತವು ಸಭಾಂಗಣಕ್ಕೆ ಬಂದ ಬಗೆ

ವಿಡಿಯೋ ಗೇಮ್‌ಗಳಿಗೆಂದೇ ರಚಿತವಾದ ಸಂಗೀತವನ್ನು ಪೂರ್ಣ ಪ್ರಮಾಣದ ಸಿಂಫನಿ ವಾದ್ಯವೃಂದಗಳು ಸಭಾಂಗಣಗಳಲ್ಲಿ ನುಡಿಸುವ ಪದ್ಧತಿಯು ಜಪಾನಿನಲ್ಲಿ ಹುಟ್ಟಿ, ಯುರೋಪು ಮತ್ತು ಅಮೆರಿಕಗಳಲ್ಲಿ ಬೇರೂರಿ, ಈಗ ನಾಲ್ಕು ದಶಕಗಳ ಹತ್ತಿರಕ್ಕೆ ಬಂದಿದೆ. ಇಂಥ ಕಛೇರಿಗಳಿಗೆ ಯುವಜನರು ಕಿಕ್ಕಿರಿದು ಬರುವುದನ್ನು ಕಂಡವರು ಸಾಮಾನ್ಯವಾಗಿ ಎರಡು ವಿವರಣೆಗಳಲ್ಲಿ ಒಂದನ್ನು ಕೊಟ್ಟು ಸುಮ್ಮನಾಗುತ್ತಾರೆ: ಇದು ಬಾಲ್ಯದ ನೆನಪಿನ ಸೆಳೆತ ಎಂಬುದು ಒಂದು, ಆಟಿಕೆಯಂಥ ಸಂಗೀತಕ್ಕೆ ಶಾಸ್ತ್ರೀಯ ವಾದ್ಯಗಳ ಮರ್ಯಾದೆ ದೊರಕಿದ ಸಂತೋಷ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆಯಾದರೂ, ಎರಡೂ ಆ ಸಂಗೀತವನ್ನು ಕಿವಿಗೊಟ್ಟು ಕೇಳಿದ ಮೇಲೆ ಹುಟ್ಟಿದ ವಿವರಣೆಗಳಂತೆ ತೋರುವುದಿಲ್ಲ. ಒಬ್ಬೊಬ್ಬರ ಕೋಣೆಯಲ್ಲಿ, ಒಬ್ಬೊಬ್ಬರ ಕೈಬೆರಳುಗಳ ಅಂಕೆಗೆ ಒಳಪಟ್ಟು, ಕೊನೆಯೆಂಬುದೇ ಇಲ್ಲದೆ ಸುತ್ತುತ್ತಿದ್ದ ಸಂಗೀತಕ್ಕೆ ಸಭಾಂಗಣವು ಒಂದು ಮುಕ್ತಾಯವನ್ನೂ ಒಂದು ಸಹೃದಯ ಸಮುದಾಯವನ್ನೂ ಒದಗಿಸುತ್ತದೆ ಎಂಬುದು, ಮತ್ತು ಹಾಗೆ ಒದಗಿಸುವಾಗ ಅದು ಒಂದು ಬೆಲೆಯನ್ನೂ ಕೇಳುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ.

ಮೊದಲಿಗೆ ಒಂದು ಪದದ ಇತ್ಯರ್ಥವಾಗಬೇಕು. ಕನ್ನಡ ನಾಡಿನಲ್ಲಿ ಆರ್ಕೆಸ್ಟ್ರಾ ಎಂದೊಡನೆ ಜನರ ಕಣ್ಣ ಮುಂದೆ ಬರುವುದು ಗಣೇಶೋತ್ಸವದ ಪೆಂಡಾಲಿನಲ್ಲಿಯೋ ರಾಜ್ಯೋತ್ಸವದ ವೇದಿಕೆಯಲ್ಲಿಯೋ ಕೀಬೋರ್ಡು, ರಿದಮ್ ಪ್ಯಾಡು, ಗಿಟಾರುಗಳೊಡನೆ ಚಿತ್ರಗೀತೆಗಳನ್ನು ಹಾಡುವ ರಸಮಂಜರಿ ತಂಡ. ಇಲ್ಲಿ ಉದ್ದೇಶಿಸಿರುವುದು ಪಾಶ್ಚಾತ್ಯ ಶಾಸ್ತ್ರೀಯ ಪರಂಪರೆಯ ವಾದ್ಯವೃಂದವನ್ನು: ಪಿಟೀಲು, ವಯೋಲಾ, ಚೆಲೊ, ಡಬಲ್ ಬಾಸ್ ಎಂಬ ತಂತಿವಾದ್ಯಗಳ ದೊಡ್ಡ ಬಳಗ, ಕೊಳಲು, ಓಬೊ, ಕ್ಲಾರಿನೆಟ್ ಮೊದಲಾದ ಊದುವಾದ್ಯಗಳು, ಹಾರ್ನ್ ಮತ್ತು ಟ್ರಂಪೆಟ್‌ನಂಥ ಹಿತ್ತಾಳೆಯ ವಾದ್ಯಗಳು, ತಾಳವಾದ್ಯಗಳು ಇವೆಲ್ಲವೂ ಬರೆದಿಟ್ಟ ಸ್ವರಲಿಪಿಯನ್ನು ನೋಡಿಕೊಂಡು ಒಬ್ಬ ನಿರ್ದೇಶಕರ ಕೈಸನ್ನೆಗೆ ನುಡಿಯುವ ವ್ಯವಸ್ಥೆ ಅದು. ಆದರೂ ರಸಮಂಜರಿಯ ನೆನಪು ಇಲ್ಲಿ ಅಪ್ರಸ್ತುತವಲ್ಲ. ಮೆಚ್ಚಿನ ಹಾಡಿನ ಆರಂಭದ ಬಿಟ್ ಕೇಳಿಸಿದೊಡನೆ, ಗಾಯಕರು ಬಾಯಿ ತೆರೆಯುವ ಮೊದಲೇ ಪೆಂಡಾಲಿನಲ್ಲಿ ಏಳುವ ಕೇಕೆಗೂ, ಆಟವೊಂದರ ಸಂಗೀತದ ಮೊದಲ ನಾಲ್ಕು ಸ್ವರ ಕೇಳಿ ಸಭಾಂಗಣದಲ್ಲಿ ಉಸಿರು ಬಿಗಿಹಿಡಿಯುವ ಶ್ರೋತೃಗಳ ಮೌನಕ್ಕೂ ಬೇರು ಒಂದೇ. ಬಲ್ಲದ್ದನ್ನು ಎದುರಿಗೇ, ಉಸಿರಾಡುವ ಮನುಷ್ಯರ ಕೈಯಲ್ಲಿ ಹುಟ್ಟುವಂತೆ ಕೇಳುವ ಸುಖ ಅದು.

ಈ ಸಂಗೀತ ಹುಟ್ಟಿದ್ದು ಒಂದು ಚಿಕ್ಕ ಚಿಪ್‌ನಲ್ಲಿ. ನಿಂಟೆಂಡೊ ಕಂಪನಿಯು 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ, ಮನೆಯ ಟಿವಿಗೆ ಜೋಡಿಸಿ ಆಡುವ ಫ್ಯಾಮಿಕಾಮ್ ಯಂತ್ರದ ಧ್ವನಿವಿಭಾಗಕ್ಕೆ ಏಕಕಾಲದಲ್ಲಿ ಐದೇ ದನಿಗಳನ್ನು ಹೊರಡಿಸುವ ಶಕ್ತಿಯಿತ್ತು. ಅವುಗಳಲ್ಲಿ ಎರಡು, ಮಟ್ಟಸವಾಗಿ ಏರಿ ಮಟ್ಟಸವಾಗಿ ಇಳಿಯುವ ಚೌಕಾಕಾರದ ಅಲೆಯಿಂದ ಹುಟ್ಟುವ, ಜಾತ್ರೆಯ ಪೀಪಿಯನ್ನು ನೆನಪಿಸುವ ನಾದ. ಮೂರನೆಯದು ತ್ರಿಕೋನಾಕಾರದ ಅಲೆಯಿಂದ ಹುಟ್ಟುವ ಮೆತ್ತನೆಯ ಮಂದ್ರದ ನಾದ, ಅದರ ಗಟ್ಟಿತನವನ್ನು ಹೆಚ್ಚುಕಡಿಮೆ ಮಾಡುವ ಅನುಕೂಲವೂ ಇರಲಿಲ್ಲ. ನಾಲ್ಕನೆಯದು ಬರಿಯ ಸುಯ್ಯೆನ್ನುವ ಸದ್ದು, ಅದನ್ನೇ ಕತ್ತರಿಸಿ ಡೋಲು ತಾಳಗಳ ಭ್ರಮೆಯನ್ನು ಹುಟ್ಟಿಸಬೇಕಾಗಿತ್ತು. ಐದನೆಯದು ಮೊದಲೇ ಮುದ್ರಿಸಿದ ಪುಟ್ಟ ಶಬ್ದತುಣುಕುಗಳಿಗೆ ಮೀಸಲು. ಇಷ್ಟರಲ್ಲಿಯೇ ಆಟದ ಇತರ ಸದ್ದುಗಳಿಗೂ ಪಾಲು ಕೊಡಬೇಕಾಗಿತ್ತಾದ್ದರಿಂದ, 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದಲ್ಲಿ ಮಾರಿಯೋ ನೆಗೆದಾಗಲೆಲ್ಲ ನೆಗೆತದ ಸದ್ದಿಗೆ ಜಾಗ ಬಿಟ್ಟು ಸಂಗೀತದ ಒಂದು ಪದರವು ಕ್ಷಣಕಾಲ ಮಾಯವಾಗುತ್ತಿತ್ತು, ಮತ್ತು ಆಡುವವರು ಅದನ್ನು ಗಮನಿಸುತ್ತಲೂ ಇರಲಿಲ್ಲ. ಚಿತ್ರ, ನಿಯಮ, ಸಂಗೀತ ಎಲ್ಲವೂ ಸೇರಿ ಆ ಆಟದ ಕಾರ್ಟ್ರಿಜ್‌ನ ಒಟ್ಟು ಗಾತ್ರ 40 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದೇ ಒಂದು ಫೋಟೋ ಅದರ ಹತ್ತಾರು ಪಟ್ಟು ಜಾಗ ಹಿಡಿಯುತ್ತದೆ. ಅದೇ ಆಟಕ್ಕೆ ಕೋಜಿ ಕೊಂಡೊ ರಚಿಸಿದ ಸಂಗೀತವನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ, ರಾಷ್ಟ್ರವು ಕಾಪಿಟ್ಟುಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆಟದ ಸಂಗೀತವೊಂದು ಆ ಪಟ್ಟಿಗೆ ಸೇರಿದ್ದು ಅದೇ ಮೊದಲು.

ಬಡತನವು ಈ ಸಂಗೀತಕ್ಕೆ ಏನನ್ನು ಕಲಿಸಿತು ಎಂಬುದನ್ನು ಒಂದು ರಚನೆಯನ್ನು ಹತ್ತಿರದಿಂದ ನೋಡಿ ತಿಳಿಯಬಹುದು. ಪಾಶ್ಚಾತ್ಯ ಸಂಗೀತದಲ್ಲಿ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಹುಟ್ಟುವ ಸ್ವರಗುಚ್ಛಕ್ಕೆ ಕಾರ್ಡ್ ಎಂದು ಹೆಸರು, ಭಾವದ ಬಣ್ಣ ತುಂಬುವುದು ಬಹುಮಟ್ಟಿಗೆ ಅದೇ. ಸ್ವರ ನುಡಿಸಬಲ್ಲ ದನಿಗಳು ಮೂರೇ ಇರುವ ಯಂತ್ರದಲ್ಲಿ ಒಂದು ಗುಚ್ಛಕ್ಕೇ ಎಲ್ಲ ದನಿಗಳನ್ನೂ ಕೊಟ್ಟುಬಿಟ್ಟರೆ ರಾಗವನ್ನು ನುಡಿಸಲು ಏನೂ ಉಳಿಯುವುದಿಲ್ಲವಾದ್ದರಿಂದ, ರಚನಕಾರರು ಗುಚ್ಛದ ಸ್ವರಗಳನ್ನು ಹೂವಿನ ಎಸಳು ಬಿಡಿಸಿದಂತೆ ಬಿಡಿಸಿ, ಒಂದರ ಹಿಂದೊಂದನ್ನು ಬೇಗಬೇಗನೆ ನುಡಿಸುವ ದಾರಿಯನ್ನು ಹಿಡಿದರು. ಕಿವಿಯು ಅವುಗಳನ್ನು ತಾನೇ ಜೋಡಿಸಿಕೊಂಡು ಗುಚ್ಛವಾಗಿ ಕೇಳುತ್ತದೆ. ಹೀಗೆ ಬಿಡಿಸಿ ನುಡಿಸುವುದಕ್ಕೆ ಆರ್ಪೆಜಿಯೊ ಎನ್ನುತ್ತಾರೆ. 1987ರ ಫೈನಲ್ ಫ್ಯಾಂಟಸಿ ಆಟಕ್ಕೆ ನೊಬುವೊ ಉಯೆಮಾತ್ಸು ರಚಿಸಿದ, ಪ್ರಿಲ್ಯೂಡ್ ಎಂದು ಹೆಸರಾದ ಆರಂಭಿಕ ಸಂಗೀತವು ಇಂಥ ಏರಿಳಿತವೇ ಹೊರತು ಮತ್ತೇನೂ ಅಲ್ಲ: ಸ್ವರಗಳು ಮಂದ್ರದಿಂದ ಮೆಟ್ಟಿಲು ಮೆಟ್ಟಿಲಾಗಿ ತಾರಕ್ಕೆ ಏರುತ್ತವೆ, ಅದೇ ಮೆಟ್ಟಿಲುಗಳಲ್ಲಿ ಇಳಿಯುತ್ತವೆ, ಗುಚ್ಛವು ತುಸು ಬಣ್ಣ ಬದಲಿಸುತ್ತದೆ, ಮತ್ತೆ ಏರುತ್ತವೆ. ಈ ರಚನೆಯನ್ನು ವಾದ್ಯವೃಂದಕ್ಕೆ ಅಳವಡಿಸಿದಾಗ ಏರಿಳಿತವು ಹಾರ್ಪ್ ವಾದ್ಯದ ಪಾಲಿಗೆ ಬರುತ್ತದೆ. ನಲವತ್ತೇಳು ತಂತಿಗಳ ಆ ಎತ್ತರದ ವಾದ್ಯವನ್ನು ಭುಜಕ್ಕೆ ಒರಗಿಸಿಕೊಂಡು ಕುಳಿತ ವಾದಕರ ಎಡಗೈ ನಾಲ್ಕು ತಂತಿಗಳನ್ನು ಮೀಟಿ ಮುಗಿಸುವಷ್ಟರಲ್ಲಿ ಬಲಗೈ ಅದರ ಮುಂದಿನ ನಾಲ್ಕನ್ನು ಹಿಡಿದಿರುತ್ತದೆ, ಅಷ್ಟರಲ್ಲಿ ಎಡಗೈ ಬಲಗೈಯನ್ನು ದಾಟಿ ಇನ್ನೂ ಮೇಲಕ್ಕೆ ಹೋಗಿರುತ್ತದೆ. ಇಟಲಿಯ ಭಾಷೆಯಲ್ಲಿ ಹಾರ್ಪ್‌ಗೆ ಆರ್ಪಾ ಎಂದು ಹೆಸರು. ಆರ್ಪೆಜಿಯೊ ಎಂಬ ಮಾತು ಹುಟ್ಟಿದ್ದೇ ಆ ವಾದ್ಯದಿಂದ. ಚಿಪ್ಪಿನ ಬಡತನದಿಂದ ಹುಟ್ಟಿದ ಉಪಾಯವು ಸಭಾಂಗಣದಲ್ಲಿ ತನ್ನ ಹೆಸರಿನ ಮೂಲವಾದ ವಾದ್ಯವನ್ನೇ ಸೇರಿಕೊಳ್ಳುವಾಗ, ಆ ಸಂಗೀತವು ಹೊಸ ಉಡುಪು ತೊಟ್ಟಿತು ಎನ್ನುವುದಕ್ಕಿಂತ ಅದು ತೌರಿಗೆ ಮರಳಿತು ಎನ್ನುವುದು ಹೆಚ್ಚು ಸರಿ.

ಹೀಗೆ ಮರಳುವ ದಾರಿಯನ್ನು ಮೊದಲು ತೆರೆದವರು ಕೊಯಿಚಿ ಸುಗಿಯಾಮ. 1931ರಲ್ಲಿ ಹುಟ್ಟಿದ, ಟಿವಿ ಕಾರ್ಯಕ್ರಮಗಳಲ್ಲಿಯೂ ಜನಪ್ರಿಯ ಗೀತೆಗಳ ರಚನೆಯಲ್ಲಿಯೂ ಪಳಗಿದ್ದ ಸುಗಿಯಾಮ, ಎನಿಕ್ಸ್ ಕಂಪನಿಯ ಜಪಾನಿ ಚದುರಂಗದ ಆಟವೊಂದನ್ನು ಆಡಿ, ಅದರೊಡನೆ ಬಂದಿದ್ದ ಅಭಿಪ್ರಾಯದ ಅಂಚೆಕಾರ್ಡನ್ನು ತುಂಬಿದ್ದರು. ಕಂಪನಿಯವರು ಆ ಹೆಸರನ್ನು ಗುರುತಿಸಿ ಸಂಪರ್ಕಿಸಿದ್ದರಿಂದ 1986ರಲ್ಲಿ, ತಮ್ಮ 55ನೆಯ ವಯಸ್ಸಿನಲ್ಲಿ, ಡ್ರ್ಯಾಗನ್ ಕ್ವೆಸ್ಟ್ ಆಟಕ್ಕೆ ಅವರು ಸಂಗೀತ ಒದಗಿಸಿದರು. ಆ ಆಟದ ಅರಮನೆಯ ದೃಶ್ಯಕ್ಕೆ ಅವರು ಹದಿನೆಂಟನೆಯ ಶತಮಾನದ ಆರಂಭದ ಬರೋಕ್ ಶೈಲಿಯನ್ನು ಆರಿಸಿಕೊಂಡದ್ದು ಸೂಕ್ಷ್ಮ ವಿವೇಕದ ಕೆಲಸ. ಒಂದಕ್ಕೊಂದು ಅಡ್ಡ ಬಾರದೆ, ಒಂದನ್ನೊಂದು ಹೆಣೆದುಕೊಂಡು ಸಾಗುವ ಎರಡು ಅಥವಾ ಹೆಚ್ಚು ಸ್ವತಂತ್ರ ಸ್ವರಪಂಕ್ತಿಗಳ ಕ್ರಮಕ್ಕೆ ಕೌಂಟರ್‌ಪಾಯಿಂಟ್ ಎಂದು ಹೆಸರು. ಬರೋಕ್ ಶೈಲಿಯ ಬಾಖ್‌ನಂಥ ರಚನಕಾರರು ಎರಡೇ ಪಂಕ್ತಿಗಳಲ್ಲಿ ಇಡೀ ಲೋಕವನ್ನು ಕಟ್ಟಬಲ್ಲವರಾಗಿದ್ದರೆಂದ ಮೇಲೆ, ಎರಡು ಚೌಕ ಅಲೆಗಳ ಚಿಪ್ಪಿಗೆ ಆ ಕ್ರಮಕ್ಕಿಂತ ಒಪ್ಪುವ ಮತ್ತೊಂದು ಪರಂಪರೆ ಇರಲಾರದು. 1987ರ ಆಗಸ್ಟ್ 20ರಂದು ಟೋಕಿಯೊದ ಸಂಟೋರಿ ಹಾಲ್‌ನಲ್ಲಿ ಸುಗಿಯಾಮ ಅವರೇ ನಿರ್ದೇಶಿಸಿದ ಕಛೇರಿಯಲ್ಲಿ ಡ್ರ್ಯಾಗನ್ ಕ್ವೆಸ್ಟ್‌ನ ಮೊದಲ ಎರಡು ಆಟಗಳ ಸಂಗೀತವನ್ನು ವಾದ್ಯವೃಂದವು ನುಡಿಸಿತು. ಅದೇ ಕಾರ್ಯಕ್ರಮದಲ್ಲಿ ಫ್ರೆಂಚ್ ರಚನಕಾರ ಸ್ಯಾಂ ಸಾನ್ಸ್ ಅವರ ‘ಪ್ರಾಣಿಗಳ ಜಾತ್ರೆ’ಯನ್ನೂ ಸೇರಿಸಲಾಗಿತ್ತು. ಆಟದ ಸಂಗೀತ ಕೇಳಲು ತಂದೆತಾಯಿಯ ಕೈಹಿಡಿದು ಬಂದ ಮಕ್ಕಳು ಶಾಸ್ತ್ರೀಯ ರಚನೆಯೊಂದನ್ನೂ ಕೇಳಿಕೊಂಡು ಹೋಗಲಿ ಎಂಬ ಶಿಕ್ಷಕನ ಕಾಳಜಿ ಆ ಜೋಡಣೆಯಲ್ಲಿ ಎದ್ದು ಕಾಣುತ್ತದೆ. ಸುಗಿಯಾಮ ಅವರ ರಾಜಕೀಯ ನಿಲುವುಗಳು ಮುಂದೆ ಜಪಾನಿನ ಒಳಗೂ ಹೊರಗೂ ತೀವ್ರ ಟೀಕೆಗೆ ಒಳಗಾದವು ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಈ ಪದ್ಧತಿಯ ಮೊದಲ ಕಲ್ಲನ್ನು ಇಟ್ಟವರು ಅವರೇ ಎಂಬುದೂ ಅಷ್ಟೇ ನಿಜ.

ಕೇಳುಗರ ಕಡೆಯಿಂದ ನೋಡಿದರೆ ಮತ್ತೊಂದು ಸಂಗತಿ ಗೋಚರಿಸುತ್ತದೆ. ಸ್ಥಳ ಕಡಿಮೆಯಿದ್ದುದರಿಂದ ಆರಂಭಕಾಲದ ಆಟಗಳ ಸಂಗೀತವು ಹೆಚ್ಚೆಂದರೆ ಒಂದೆರಡು ನಿಮಿಷದ್ದಾಗಿದ್ದು, ಕೊನೆಯ ಸ್ವರದಿಂದ ನೇರವಾಗಿ ಮೊದಲ ಸ್ವರಕ್ಕೆ ಹೊರಳಿಕೊಳ್ಳುತ್ತಿತ್ತು. ಲೂಪ್ ಎಂದು ಕರೆಯಲಾಗುವ ಈ ಸುತ್ತನ್ನು ಆಡುವವರು ಒಂದು ಊರನ್ನು ದಾಟುವಾಗ ಹತ್ತು ಸಲ, ಗುಹೆಯೊಂದರಲ್ಲಿ ದಾರಿ ತಪ್ಪಿದಾಗ ಐವತ್ತು ಸಲ ಕೇಳುತ್ತಿದ್ದರು. ಸಂಗೀತ ಕಲಿಯುವ ಮಗು ಸರಳೆ ಜಂಟಿ ವರಸೆಗಳನ್ನು ದಿನವೂ ಹಾಡಿ ಹಾಡಿ ಅವು ನಾಲಿಗೆಗೆ ಅಂಟಿಕೊಳ್ಳುವಂತೆ, ಆ ಸ್ವರಗಳು ಆಡುವವರ ಬೆರಳುಗಳಿಗೆ ಅಂಟಿಕೊಂಡವು. ಸೋಲು, ಮರುಯತ್ನ, ಹೆದರಿಕೆ, ನಡುರಾತ್ರಿಯ ಗೆಲುವು ಇವೆಲ್ಲವೂ ಒಂದೊಂದು ಸ್ವರಕ್ಕೆ ಗಂಟು ಹಾಕಿಕೊಂಡವು. ಆದ್ದರಿಂದ ಸಭಾಂಗಣಕ್ಕೆ ಬರುವ ಇಪ್ಪತ್ತೈದರ ತರುಣಿಯು ಸಿಂಫನಿಯನ್ನು ಹಿಂದೆಂದೂ ಕೇಳದವಳಾಗಿದ್ದರೂ, ಆ ಸಂಜೆಯ ರಚನೆಗಳ ಮಟ್ಟಿಗೆ ತಿಳಿವಳಿಕೆಯುಳ್ಳ ಶ್ರೋತೃವೇ ಆಗಿರುತ್ತಾಳೆ. ಓಬೊ ನುಡಿಸಬೇಕಾದ ಜಾಗದಲ್ಲಿ ಕ್ಲಾರಿನೆಟ್ ಬಂದರೆ ಆಕೆಗೆ ವಾದ್ಯದ ಹೆಸರು ತಿಳಿಯದೆ ಹೋಗಬಹುದು, ಏನೋ ಬದಲಾಗಿದೆ ಎಂಬುದು ಖಂಡಿತ ತಿಳಿಯುತ್ತದೆ. ಬಲ್ಲ ಕೀರ್ತನೆಯಲ್ಲಿ ಹೊಸ ಸಂಗತಿಯೊಂದು ಬಿದ್ದಾಗ ತಲೆದೂಗುವ ರಸಿಕರ ಸ್ಥಿತಿ ಅದು. ಬ್ರಿಟನ್ನಿನ ಕ್ಲಾಸಿಕ್ ಎಫ್‌ಎಂ ರೇಡಿಯೋ ತನ್ನ ಕೇಳುಗರ ಮತ ಪಡೆದು ಸಿದ್ಧಪಡಿಸುವ ಅಚ್ಚುಮೆಚ್ಚಿನ ರಚನೆಗಳ ಪಟ್ಟಿಯಲ್ಲಿ 2013ರಲ್ಲಿ ಫೈನಲ್ ಫ್ಯಾಂಟಸಿಯ ಸಂಗೀತವು ಮೂರನೆಯ ಸ್ಥಾನಕ್ಕೆ ಬಂದಾಗ ಅನೇಕ ಹಳೆಯ ಕೇಳುಗರು ಸಿಡಿಮಿಡಿಗೊಂಡರು. ನೂರಾರು ಗಂಟೆಗಳ ಕಾಲ ಒಂದು ಸಂಗೀತದೊಡನೆ ಬದುಕಿದವರು ಅದಕ್ಕೆ ಮತ ಕೊಟ್ಟರೆ ಸಿಡಿಮಿಡಿಗೊಳ್ಳುವುದಕ್ಕೆ ಕಾರಣವಿರಲಿಲ್ಲ.

ಲೂಪಿಗೆ ಮುಕ್ತಾಯವಿಲ್ಲ, ಕಛೇರಿಗೆ ಮುಕ್ತಾಯ ಬೇಕು. ಅಳವಡಿಕೆಯ ಕೆಲಸ ಮಾಡುವವರ ನಿಜವಾದ ಸೃಷ್ಟಿ ಇರುವುದು ಇಲ್ಲಿಯೇ. ಮೂಲದಲ್ಲಿ ಕೊನೆಯ ಪಂಕ್ತಿಯು ಉತ್ತರಿಸದೆ ಬಿಟ್ಟ ಪ್ರಶ್ನೆಯಂತೆ ತುಸು ಮೇಲಕ್ಕೆ ಎತ್ತಿಕೊಂಡು ನಿಂತಿರುತ್ತದೆ, ಏಕೆಂದರೆ ಅದು ಮೊದಲ ಪಂಕ್ತಿಯೊಳಗೆ ಜಾರಿಕೊಳ್ಳಬೇಕು. ಅಳವಡಿಸುವವರು ಆ ಪ್ರಶ್ನೆಗೆ ಒಂದು ಉತ್ತರವನ್ನು, ಅಂದರೆ ಷಡ್ಜಕ್ಕೆ ಬಂದು ನೆಲೆಯೂರುವ ಒಂದು ಸ್ವರಸಮಾಪ್ತಿಯನ್ನು ತಾವೇ ಬರೆಯುತ್ತಾರೆ. ಸಾವಿರ ಸಲ ಕೇಳಿಯೂ ಮುಗಿದದ್ದನ್ನು ಒಮ್ಮೆಯೂ ಕೇಳದ ರಾಗವು ಕಣ್ಣೆದುರಿಗೆ ಮುಗಿದಾಗ, ಕೊನೆಯ ಸ್ವರ ಅಡಗಿ ಚಪ್ಪಾಳೆ ಏಳುವ ಮುಂಚಿನ ಆ ಎರಡು ಕ್ಷಣಗಳಲ್ಲಿ ಅನೇಕರ ಕಣ್ಣು ಒದ್ದೆಯಾಗುವುದಕ್ಕೆ ಬಾಲ್ಯದ ನೆನಪೊಂದೇ ಕಾರಣವಾಗಿರಲಾರದು.

ಬೆಲೆಯ ಮಾತು ಬರುವುದೂ ಇಲ್ಲಿಯೇ. 1998ರ ‘ಒಕರಿನಾ ಆಫ್ ಟೈಮ್’ ಎಂಬ ಝೆಲ್ಡಾ ಸರಣಿಯ ಆಟದಲ್ಲಿ ವಿಶಾಲವಾದ ಹುಲ್ಲುಗಾವಲೊಂದಿದೆ. ಅದಕ್ಕೆ ಕೊಂಡೊ ಒಂದು ನಿರ್ದಿಷ್ಟ ರಚನೆಯನ್ನು ಬರೆಯದೆ, ಎಂಟೆಂಟು ತಾಳಾವರ್ತಗಳ ತುಣುಕುಗಳನ್ನು ಬರೆದಿಟ್ಟರು. ಯಂತ್ರವು ಅವನ್ನು ಪ್ರತಿ ಸಲವೂ ಬೇರೆ ಕ್ರಮದಲ್ಲಿ ಜೋಡಿಸುತ್ತದೆ, ವೈರಿ ಹತ್ತಿರ ಬಂದರೆ ಉದ್ವೇಗದ ತುಣುಕಿಗೆ ಹೊರಳುತ್ತದೆ, ನಾಯಕ ಸುಮ್ಮನೆ ನಿಂತರೆ ಸಂಗೀತವೂ ತಣ್ಣಗಾಗುತ್ತದೆ. ಆಟದ ಗತಿಗೆ ತಕ್ಕಂತೆ ಮಾರ್ಪಡುವ ಇಂಥ ಸಂಗೀತಕ್ಕೆ ಅನುವರ್ತಿ ಸಂಗೀತ ಎಂದು ಹೆಸರಿಡಬಹುದು. ಯಕ್ಷಗಾನ ಬಲ್ಲ ಓದುಗರಿಗೆ ಈ ತತ್ತ್ವವು ಹೊಸದಲ್ಲ. ವೇಷಧಾರಿಯ ಕುಣಿತವು ಕಾವೇರುತ್ತಿದ್ದರೆ ಭಾಗವತರು ಪದ್ಯದ ಸಾಲನ್ನು ಮತ್ತೆ ಮತ್ತೆ ಎತ್ತಿಕೊಡುತ್ತಾರೆ, ಚೆಂಡೆಯವರು ಅದಕ್ಕೆ ಹೊಂದುತ್ತಾರೆ, ದಣಿವು ಕಂಡರೆ ಮುಕ್ತಾಯಕ್ಕೆ ತರುತ್ತಾರೆ, ಪದ್ಯದ ಉದ್ದವನ್ನು ಅಂತಿಮವಾಗಿ ನಿರ್ಧರಿಸುವುದು ರಂಗದ ಮೇಲಿನ ಕಾಲುಗಳು. ವಾದ್ಯವೃಂದಕ್ಕೆ ಮುದ್ರಿತ ಸ್ವರಲಿಪಿಯನ್ನು ಕೊಡುವಾಗ ಹುಲ್ಲುಗಾವಲಿನ ಲೆಕ್ಕವಿಲ್ಲದ ಕ್ರಮಗಳಲ್ಲಿ ಒಂದನ್ನು ಮಾತ್ರ ಆರಿಸಿ, ಉಳಿದವನ್ನೆಲ್ಲ ಬಿಡಬೇಕಾಗುತ್ತದೆ. ಆಡುವವರ ಕೈ ಸಂಗೀತದ ಮೇಲಿನ ಹಿಡಿತವನ್ನು ಕಳೆದುಕೊಂಡು ಮಡಿಲಿಗೆ ಬರುತ್ತದೆ.

ಹಾಗೆ ಕಳೆದುಕೊಂಡದ್ದಕ್ಕೆ ಪ್ರತಿಯಾಗಿ ದೊರೆಯುವುದೇನು ಎಂಬುದಕ್ಕೆ 1994ರ ಆರನೆಯ ಫೈನಲ್ ಫ್ಯಾಂಟಸಿಯ ಆಪೆರಾ ದೃಶ್ಯದಷ್ಟು ಒಳ್ಳೆಯ ನಿದರ್ಶನ ಇನ್ನೊಂದಿಲ್ಲ. ಸೇನಾನಿಯಾಗಿದ್ದ ಸೆಲೆಸ್ ಎಂಬ ಹೆಣ್ಣು ಗಾಯಕಿಯ ವೇಷದಲ್ಲಿ ರಂಗಕ್ಕೆ ಬರುತ್ತಾಳೆ; ಆಡುವವರು ಹಾಡಿನ ಸಾಲುಗಳನ್ನು ಮೊದಲೇ ಓದಿ ನೆನಪಿಟ್ಟುಕೊಂಡು, ಸರಿಯಾದ ಗಳಿಗೆಯಲ್ಲಿ ಸರಿಯಾದ ಸಾಲನ್ನು ಆರಿಸಿಕೊಡಬೇಕು, ತಪ್ಪಿದರೆ ಪ್ರದರ್ಶನ ಕೆಡುತ್ತದೆ. ಆ ಆಟ ಓಡುತ್ತಿದ್ದ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕೆ ಎಂಟು ದನಿಗಳಿದ್ದವು, ಶಬ್ದಗಳಿಗೆಂದು ಇದ್ದ ಸ್ಮೃತಿ 64 ಕಿಲೋಬೈಟ್ ಮಾತ್ರ. ಮನುಷ್ಯರ ಹಾಡನ್ನು ಅಷ್ಟರಲ್ಲಿ ತುಂಬುವುದು ಅಸಾಧ್ಯವಾಗಿತ್ತು. ಪರದೆಯ ಮೇಲೆ ಸಾಹಿತ್ಯ ಹರಿಯುತ್ತಿದ್ದರೆ, ಸ್ಪೀಕರಿನಿಂದ ಅಕ್ಷರಗಳಿಲ್ಲದ, ಕಂಠದಂತೆ ತೋರುವ ಒಂದು ನಾದ ಮಾತ್ರ ರಾಗವನ್ನು ಹಿಡಿದು ಸಾಗುತ್ತಿತ್ತು. ಕಣ್ಣು ಓದಿದ ಮಾತನ್ನೂ ಕಿವಿ ಕೇಳಿದ ಸ್ವರವನ್ನೂ ಸೇರಿಸಿ ಹಾಡನ್ನು ಹಾಡಿಕೊಂಡದ್ದು ಆಡುವವರ ಮನಸ್ಸು. ವರ್ಷಗಳ ನಂತರ ಸಭಾಂಗಣದಲ್ಲಿ ಗಾಯಕಿಯೊಬ್ಬರು ಎದ್ದು ನಿಂತು, ಉಸಿರು ತುಂಬಿಕೊಂಡು, ಅದೇ ಸಾಲನ್ನು ಮಾತುಸಹಿತ ಹಾಡಿದಾಗ, ಕೇಳುಗರು ಒಳಗಿವಿಯಲ್ಲಿ ಮಾತ್ರ ಕೇಳಿದ್ದ ದನಿಯನ್ನು ಮೊದಲ ಬಾರಿಗೆ ಹೊರಗಿವಿಯಿಂದ ಕೇಳುತ್ತಾರೆ. ಪಕ್ಕದ ಆಸನದವರೂ ಅದೇ ದನಿಯನ್ನು ಇಷ್ಟು ವರ್ಷ ಒಂಟಿಯಾಗಿ ಕಲ್ಪಿಸಿಕೊಂಡಿದ್ದರು ಎಂಬುದು ಆಗ ತಿಳಿಯುತ್ತದೆ.

ಜಪಾನಿನ ಹೊರಗೆ ಈ ಪದ್ಧತಿ ಹಬ್ಬಿದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. 2003ರಲ್ಲಿ ಜರ್ಮನಿಯ ಲೈಪ್‌ಜಿಗ್ ನಗರದ ಗೆವಾಂಡ್‌ಹೌಸ್ ಸಭಾಂಗಣದಲ್ಲಿ ಥಾಮಸ್ ಬೋಕರ್ ಅವರು ಏರ್ಪಡಿಸಿದ ಕಛೇರಿಯೇ ಜಪಾನಿನ ಆಚೆಗಿನ ಮೊದಲನೆಯದು. 2004ರಲ್ಲಿ ಲಾಸ್ ಏಂಜಲೀಸ್‌ನ ಫಿಲ್ಹಾರ್ಮೊನಿಕ್ ವೃಂದವು ಫೈನಲ್ ಫ್ಯಾಂಟಸಿಯ ಸಂಗೀತವನ್ನು ನುಡಿಸಿತು. 2005ರಲ್ಲಿ ಅದೇ ನಗರದ ಹಾಲಿವುಡ್ ಬೌಲ್ ಎಂಬ ಬಯಲು ರಂಗಮಂದಿರದಲ್ಲಿ ಬೆಳಕು ಪರದೆಗಳ ವೈಭವದೊಡನೆ ‘ವಿಡಿಯೋ ಗೇಮ್ಸ್ ಲೈವ್’ ಆರಂಭವಾಯಿತು. 2007ರಲ್ಲಿ ಸ್ಟಾಕ್‌ಹೋಮ್‌ನಿಂದ ಹೊರಟ ‘ಡಿಸ್ಟಂಟ್ ವರ್ಲ್ಡ್ಸ್’ ತಿರುಗಾಟದ ಕಛೇರಿಯಾಗಿ ದೇಶದೇಶಗಳನ್ನು ಸುತ್ತಿತು. ವಾದ್ಯವೃಂದದ ಹಿಂದೆ ದೊಡ್ಡ ಪರದೆಯನ್ನು ಕಟ್ಟಿ ಆಟದ ದೃಶ್ಯಗಳನ್ನು ತೋರಿಸುವ ರೂಢಿಯು ಜನಪ್ರಿಯವಾಗಿದೆಯಾದರೂ, ಅದು ಸಂಗೀತಕ್ಕೆ ಉಪಕಾರ ಮಾಡುತ್ತದೆ ಎಂದು ಒಪ್ಪುವುದು ಕಷ್ಟ. ದೃಶ್ಯದ ವೇಗಕ್ಕೆ ಹೊಂದಬೇಕಾದ ನಿರ್ದೇಶಕರು ಕಿವಿಗೆ ಸಿಕ್ಕಿಸಿದ ಯಾಂತ್ರಿಕ ತಾಳಕ್ಕೆ ಕಟ್ಟುಬೀಳುತ್ತಾರೆ, ಕೇಳುಗರು ನೋಡುಗರಾಗುತ್ತಾರೆ, ಚೆಲೊ ವಾದಕರ ಬಿಲ್ಲು ನಡುಗಿದ್ದನ್ನು ಯಾರೂ ಕಾಣುವುದಿಲ್ಲ. 2009ರಲ್ಲಿ ಕೊಲೋನ್ ನಗರದಲ್ಲಿ ಅಲ್ಲಿನ ರೇಡಿಯೋ ವೃಂದವು ನುಡಿಸಿದ ‘ಸಿಂಫೋನಿಕ್ ಫ್ಯಾಂಟಸೀಸ್’ ಕಛೇರಿಯು ದೃಶ್ಯದ ಆಸರೆಯಿಲ್ಲದೆ, ಒಂದೊಂದು ಆಟದ ರಾಗಗಳನ್ನು ಹೆಣೆದು ದೀರ್ಘ ರಚನೆಗಳನ್ನಾಗಿ ಬೆಳೆಸಿ, ರೇಡಿಯೋದಲ್ಲಿ ನೇರವಾಗಿ ಪ್ರಸಾರಗೊಂಡು, ಆ ದಾರಿಯೇ ಘನವಾದುದೆಂದು ತೋರಿಸಿಕೊಟ್ಟಿತು.

2022ರ ಆಗಸ್ಟ್ 1ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿ ಪ್ರಾಮ್ಸ್ ಎಂಬ ಶತಮಾನ ದಾಟಿದ ಸಂಗೀತೋತ್ಸವದ ಅಂಗವಾಗಿ, ರಾಬರ್ಟ್ ಏಮ್ಸ್ ಅವರ ನಿರ್ದೇಶನದಲ್ಲಿ ರಾಯಲ್ ಫಿಲ್ಹಾರ್ಮೊನಿಕ್ ವೃಂದವು ಆಟದ ಸಂಗೀತಕ್ಕೇ ಮೀಸಲಾದ ಕಛೇರಿಯನ್ನು ಮೊದಲ ಸಲ ನುಡಿಸಿತು. ಆ ಸಭಾಂಗಣಕ್ಕೂ ಕನ್ನಡ ನಾಡಿಗೂ ಒಂದು ಹಳೆಯ ನಂಟಿದೆ. ಜರ್ಮನಿಯ ರಚನಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಪ್ರಪ್ರಥಮವಾಗಿ ಹಾಡಲ್ಪಟ್ಟದ್ದು ಅಲ್ಲಿಯೇ, ಫಿಲ್ಹಾರ್ಮೊನಿಯ ವೃಂದದೊಡನೆ. ಅದಕ್ಕೆ ಹಣಕಾಸಿನ ಭರವಸೆ ನೀಡಿದವರು ಆ ಸಂಗೀತ ಸಂಸ್ಥೆಯ ಪೋಷಕರಾಗಿದ್ದ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು. ಸ್ಟ್ರಾಸ್ ಆಗಷ್ಟೇ ತೀರಿಕೊಂಡಿದ್ದ ಸಮಕಾಲೀನ, ಆ ಗೀತೆಗಳು ಯಾರೂ ಕೇಳದ ಹೊಸ ಸಂಗೀತ. ಹೊಸದಕ್ಕೆ ಆಸರೆಯಾಗುವ ಅಂಥ ಔದಾರ್ಯದಿಂದಲೇ ಸಭಾಂಗಣಗಳು ಜೀವಂತವಾಗಿ ಉಳಿದಿವೆ ಎಂಬುದನ್ನು, ಆಟದ ಸಂಗೀತವು ಅಲ್ಲಿಗೆ ಕಾಲಿಟ್ಟದ್ದಕ್ಕೆ ಮೂಗು ಮುರಿದವರು ನೆನೆಯಬೇಕಾಗಿತ್ತು.

ಆ ಪ್ರಾಮ್ಸ್ ಕಛೇರಿಗೂ ಒಂದು ವರ್ಷ ಮೊದಲು, 2021ರ ಜುಲೈ 23ರಂದು, ಟೋಕಿಯೊ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ದೇಶದೇಶಗಳ ಕ್ರೀಡಾಪಟುಗಳು ಧ್ವಜ ಹಿಡಿದು ಸಾಗಿದ್ದು ಆಟಗಳ ಸಂಗೀತಕ್ಕೆ. ಮೊದಲು ಮೊಳಗಿದ್ದು ಡ್ರ್ಯಾಗನ್ ಕ್ವೆಸ್ಟ್‌ನ ಆರಂಭಿಕ ಸಂಗೀತ. ಕೋವಿಡ್ ಕಾರಣದಿಂದ ಕ್ರೀಡಾಂಗಣದ ಪ್ರೇಕ್ಷಕರ ಆಸನಗಳು ಖಾಲಿಯಿದ್ದವು. ಮನೆಯೊಳಗಿದ್ದುಕೊಂಡೇ ಟಿವಿಯ ಮುಂದೆ ಆ ಸಂಗೀತವನ್ನು ಕಲಿತಿದ್ದ ಒಂದು ಪೀಳಿಗೆಯು ಅಂದು ಮತ್ತೆ ಮನೆಯೊಳಗಿದ್ದುಕೊಂಡೇ, ಟಿವಿಯ ಮುಂದೆಯೇ, ವಾದ್ಯವೃಂದದ ದನಿಯಲ್ಲಿ ಅದನ್ನು ಕೇಳಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸುಗಿಯಾಮ ತೀರಿಕೊಂಡರು.

ಸಂಗೀತದ ಮೇಲೆ ಆಡುವವರು ಕಳೆದುಕೊಂಡ ಕೈಯ ಹಿಡಿತವನ್ನು ಸಭಾಂಗಣದೊಳಗೇ ಮರಳಿ ತರುವ ಪ್ರಯತ್ನಗಳೂ ನಡೆದಿವೆ. 2012ರ ‘ಜರ್ನಿ’ ಎಂಬ ಆಟದಲ್ಲಿ ಮೇಲಂಗಿ ತೊಟ್ಟ ಒಬ್ಬ ಯಾತ್ರಿಕ ಮರಳುಗಾಡನ್ನು ದಾಟಿ ಬೆಟ್ಟದ ತುದಿಗೆ ನಡೆಯುತ್ತಾನೆ. ಮಾತಿಲ್ಲದ ಆ ಪಯಣಕ್ಕೆ ಆಸ್ಟಿನ್ ವಿಂಟರಿ ಬರೆದ ಸಂಗೀತದಲ್ಲಿ ಚೆಲೊ ವಾದ್ಯವು ಯಾತ್ರಿಕನ ದನಿಯಾಗಿ ನಡೆಯುತ್ತದೆ, ಮತ್ತು ಅದು ಇಡಿಯಾಗಿ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡ ಮೊದಲ ಆಟದ ಸಂಗೀತವಾಯಿತು. ಶಿಕಾಗೊದ ಫಿಫ್ತ್ ಹೌಸ್ ವಾದ್ಯತಂಡವು ಅದನ್ನು ನುಡಿಸಿದಾಗ ವೇದಿಕೆಯ ಮೇಲೆ ಒಬ್ಬರು ಆಟವನ್ನು ನಿಜವಾಗಿಯೂ ಆಡುತ್ತಿದ್ದರು, ವಾದಕರು ಅವರ ನಡೆಯನ್ನು ಅನುಸರಿಸಿ ನುಡಿಸುತ್ತಿದ್ದರು. ಯಾತ್ರಿಕನು ಮರಳದಿಬ್ಬದ ಮೇಲೆ ನಿಂತು ಸುತ್ತ ನೋಡುತ್ತಿದ್ದರೆ ಚೆಲೊ ಆ ಸ್ವರದಲ್ಲಿಯೇ ಕಾಯಬೇಕಿತ್ತು; ಅವನು ಇಳಿಜಾರಿನಲ್ಲಿ ಜಾರತೊಡಗಿದರೆ ಪಿಟೀಲುಗಳು ಒಡನೆಯೇ ಮುಂದಿನ ಭಾಗಕ್ಕೆ ಧುಮುಕಬೇಕಿತ್ತು. ಒಂದು ಸಂಜೆ ನುಡಿಸಿದ್ದು ಇನ್ನೊಂದು ಸಂಜೆಗೆ ಸರಿಹೊಂದುತ್ತಿರಲಿಲ್ಲ, ಕಛೇರಿ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದು ವಾದಕರಿಗೂ ಮುಂಚಿತವಾಗಿ ತಿಳಿದಿರುತ್ತಿರಲಿಲ್ಲ.